ದೊಡ್ಡಪ್ಪನ ಮೂಗು ಯಾವ ಪಟ್ಟಿಗೆ?

ನಮ್ಮ ದೊಡ್ಡಪ್ಪನ ಮನೆಯಲ್ಲಿ ಬಿಸಿ ಮುದ್ದೆ ತಿಂದವರು ಯಾರಾದರೂ ಇದ್ದರೆ ದಯವಿಟ್ಟು ಕೈಯೆತ್ತಿ! ನಾನು ಪ್ರತಿ ಭಾನುವಾರ ಚಾಮರಾಜನಗರದಿಂದ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗಿ ಅಲ್ಲಿಯೇ ಉಣ್ಣುತ್ತೇನೆ. ಎಲ್ಲವನ್ನೂ ತಾರೀಕು ಹಾಕಿ ಬರೆದಿಡುವ ಚಟ ನನ್ನದು. ಡೈರಿಯ ಕೊನೆಯ ಹಾಳೆಯಲ್ಲಿ 'ಬಿಸಿ ಊಟ', 'ಆರಿದ ಊಟ' ಎಂದು ಎರಡು ಕಾಲಂ ಎಳೆದಿದ್ದೇನೆ. ಎರಡನೆಯದರಲ್ಲಿ ಗೀಟು ಹಾಕಲು ಜಾಗವಿಲ್ಲ. ಮೊದಲನೆಯದು ಬೇಸಿಗೆಯ ನಲ್ಲಿಯ ಹಾಗೆ ಒಣಗಿ ಕೂತಿದೆ.

ದೊಡ್ಡಪ್ಪ ನಿವೃತ್ತ ವಿಜ್ಞಾನದ ಮೇಷ್ಟ್ರು. ಹೋದ ವರ್ಷ ಬಂದ ಜ್ವರವೊಂದು ಇಳಿಯುವಾಗ ಅವರ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನೂ ಕರೆದುಕೊಂಡು ಹೋಯಿತು. ಚೆಂಡುಹೂವಿನ ಹೊಲದ ನಡುವೆ ನಿಂತರೂ ಏನೂ ಇಲ್ಲ! "ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದರು ಡಾಕ್ಟರು. ವಿಜ್ಞಾನದ ಮೇಷ್ಟ್ರಿಗೆ ಇದೊಂದು ಉತ್ತರವೇ? ದೊಡ್ಡಪ್ಪ ಬೀದಿಯ ಮಕ್ಕಳನ್ನೆಲ್ಲ ಅಡುಗೆಮನೆಗೆ ಸೇರಿಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಪಟ್ಟಿ ಬರೆದರು: 'ತಿರುಗಿ ಬರುವುದು', 'ತಿರುಗಿ ಬಾರದ್ದು'. ಕರಗಿದ ತುಪ್ಪ ಮೊದಲನೆಯದಕ್ಕೆ, ಮುದ್ದೆ ಎರಡನೆಯದಕ್ಕೆ.

"ಈ ಮುದ್ದೇನ ವಾಪಸ್ ಹಿಟ್ಟು ಮಾಡಮ್ಮಿ, ನೋಡನ!" ಎಂದು ನನ್ನ ತಟ್ಟೆಯನ್ನೇ ಎತ್ತಿಕೊಳ್ಳುತ್ತಾರೆ.

"ಆಗಲ್ಲ ದೊಡ್ಡಪ್ಪ. ತಟ್ಟೆ ಕೊಡಿ."

"ಯಾಕಾಗಲ್ಲ? ಯೋಳು ಮತ್ತೆ!"

ಹಿಟ್ಟಿನ ಕಣ ಬಿಸಿನೀರು ಕುಡಿದು ಉಬ್ಬಿ ಒಡೆಯುವ ಕಥೆ ಮುಗಿಯುವಷ್ಟರಲ್ಲಿ ಮುದ್ದೆ ಬಂಡೆಯಾಗಿರುತ್ತದೆ.

ಒಮ್ಮೆ ದೊಡ್ಡಮ್ಮನ ತೌರಿನವರು ಹರವೆಯಿಂದ ಬಂದಿದ್ದರು. ಕಾಫಿಗೆ ಕಾಯಿಸಿದ್ದ ಹಾಲಿಗೆ ದೊಡ್ಡಪ್ಪ ನಿಂಬೆಹಣ್ಣು ಹಿಂಡಿಬಿಟ್ಟರು!

"ನೋಡ್ರಲಾ, ಹುಳಿ ಬಿದ್ದೇಟ್ಗೆ ಹಾಲ್ನಲ್ಲಿರೊ ಪ್ರೋಟೀನು ಗಂಟು ಕಟ್ಕತು. ಇನ್ನು ಬ್ರಹ್ಮ ಬಂದ್ರೂ ಇದು ಹಾಲಾಗಲ್ಲ."

"ಬಂದೋರ್ಗೆ ಏನ್ ಕುಡ್ಸನ, ನಿಮ್ ಪಾಠವಾ?" ಎಂದರು ದೊಡ್ಡಮ್ಮ.

ಹರವೆಯವರು ಈಗ ಬರುವಾಗ ಹಾಲನ್ನೂ ತರುತ್ತಾರೆ. ದೊಡ್ಡಪ್ಪ ಹೊರಗೆ ಹೋಗುವವರೆಗೂ ಚೀಲದಿಂದ ತೆಗೆಯುವುದಿಲ್ಲ!

ಪಾಠದ ಕೊನೆಗೆ ದೊಡ್ಡಪ್ಪ ಬಾಣಲೆಗೆ ಬಗ್ಗಿ ಮೂಸುತ್ತಾರೆ. ಮಕ್ಕಳು ಉಸಿರು ಬಿಗಿಹಿಡಿಯುತ್ತಾರೆ.

"ಬಂತಾ ತಾತ?"

"ಇಲ್ಲ ಕಣ್ರಲಾ. ಮುಂದಿನ ವಾರ ನೋಡನ."

ಮುಂದಿನ ವಾರವೂ ಇಲ್ಲ. ಅದರ ಮುಂದಿನ ವಾರವೂ ಇಲ್ಲ.

ಒಂದು ಭಾನುವಾರ ನಾನು ಬಸ್ಸಿಳಿದು ಹೋದಾಗ ಬೀದಿಗೆಲ್ಲ ಸೀದ ವಾಸನೆ. ದೊಡ್ಡಮ್ಮ ಸಂತೆಗೆ ಹೋಗಿದ್ದರು. ಒಲೆಯ ಮೇಲೆ ಅವರೆಕಾಳು ಕರಕಲಾಗಿತ್ತು. ಅದರ ಎದುರೇ ಕುರ್ಚಿ ಹಾಕಿಕೊಂಡು ದೊಡ್ಡಪ್ಪ ಪೇಪರ್ ಓದುತ್ತಿದ್ದರು! ನನ್ನ ಹಿಂದೆಯೇ ಮಕ್ಕಳು ಓಡಿಬಂದರು. ದೊಡ್ಡಪ್ಪ ಎದ್ದು ಮುಚ್ಚಳ ತೆಗೆದು, ಅಭ್ಯಾಸಬಲದಿಂದ ಪಾಠ ಶುರುಮಾಡಿದರು. "ಈ ಕರ್ರಗೆ ಉಳ್ದಿರೋದು ಇಂಗಾಲ..." ಪಾಠವನ್ನು ಅರ್ಧಕ್ಕೇ ಬಿಟ್ಟು, ಸೀಮೆಸುಣ್ಣ ತೆಗೆದುಕೊಂಡು ಎರಡನೆಯ ಪಟ್ಟಿಯ ಕೆಳಗೆ, ಬೋರ್ಡಿನ ಮೇಲೆ ಬರೆಯುವಷ್ಟೇ ದುಂಡಗೆ, 'ಮೂಗು' ಎಂದು ಬರೆದರು.

ಮರುವಾರ ಪಾಠವಿಲ್ಲ, ಮಕ್ಕಳಿಲ್ಲ. ದೊಡ್ಡಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು. ನನ್ನ ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ. ಎಷ್ಟು ಕಾಲದಿಂದ ನಾನು ಕಾದಿದ್ದ ಮುದ್ದೆ! ತುತ್ತು ಮುರಿದು ತಟ್ಟೆಯಲ್ಲೇ ಇಟ್ಟೆ.

ದೊಡ್ಡಮ್ಮ ನಮಗೆ ಬೆನ್ನು ಮಾಡಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಇದ್ದಕ್ಕಿದ್ದಂತೆ, ತಿರುಗಿಯೂ ನೋಡದೆ, ಹೇಳತೊಡಗಿದರು.

"ಸಾಸ್ವೆ ಸಿಡೀತು. ಬೆಳ್ಳುಳ್ಳಿ ಹಾಕ್ದೆ, ಇನ್ನೂ ಹಸೀ ವಾಸ್ನೆ, ಮೂಗ್ಗೆ ಚುಚ್ತದೆ. ಈಗ... ಈಗ ಕೆಂಪಾಯ್ತಾ ಅದೆ. ನಮ್ಮತ್ತೆ ಹುರುಳಿ ಸಾರ್ಗೆ ಹಾಕೋರಲ್ಲ, ಅದೇ ಘಮಲು. ಕೇಳುಸ್ತಾ?"

ದೊಡ್ಡಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಗೋಡೆಯ ಮೇಲಿನ ಅಕ್ಷರವನ್ನು ಯಾರೂ ಅಳಿಸಲಿಲ್ಲ, ಅಳಿಸುವಂಥದ್ದೇನೂ ಆಗಿರಲಿಲ್ಲ. ದೊಡ್ಡಪ್ಪ ಕಣ್ಣು ತೆರೆದು ನನ್ನ ಕಡೆ ನೋಡಿದರು.

"ಬೆಳ್ಳುಳ್ಳಿ ಯಾಕೆ ಕೆಂಪಾಯ್ತದೆ ಗೊತ್ತೇನಮ್ಮಿ?"

"ಗೊತ್ತಿಲ್ಲ ದೊಡ್ಡಪ್ಪ," ಎಂದೆ. ತಟ್ಟೆಯನ್ನು ನಾನೇ ಎತ್ತಿ ಅವರ ಕೈಗೆ ಕೊಟ್ಟೆ.

ಆರಲಿ.