ಒಂದು ಗಾಲಿಗೆ ಒಂದು ಟಗರು

ಬೇರೆಯವರ ಕಾರು ಓಡಿದರೆ ಸುದ್ದಿ. ನನ್ನದು ಸುಮ್ಮನೆ ನಿಂತಿದ್ದರೂ ಏನಾದರೊಂದು ನಡೆಯುತ್ತದೆ. ನಾನು ಕೌಜಲಗಿಯ ಕುರಿಗಾರನ ಮಗಳು, ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಸೋದರಮಾವನ ಟ್ರ್ಯಾಕ್ಟರ್ ಮೇಲೆ ಗೇರು ಹಾಕುವುದನ್ನು ಕಲಿತಾಗಿನಿಂದ ನನಗೆ ಗಾಡಿ ಹುಚ್ಚು. ಆ ಹುಚ್ಚಿಗೇ ಎರಡು ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ, ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು ಕೊಂಡೆ. ಕೊಂಡದ್ದು ಸುಲಭವಾಗಿತ್ತು, ಸಾಕುವುದೇ ಕಷ್ಟ. ಇಟ್ಟುಕೊಳ್ಳಲೋ ಮಾರಲೋ ಎಂದು ತಿಂಗಳಿಗೊಮ್ಮೆ, ಪಗಾರ ಆದ ದಿನ, ತಲೆ ಕೆಡಿಸಿಕೊಳ್ಳುತ್ತಿದ್ದೆ.

ಹಿಂದಿನ ಸೀಟು

ಮೊದಲ ದಿನವೇ ವಿಡಿಯೋ ಕಾಲ್ ಮಾಡಿ ಅವ್ವನಿಗೆ ತೋರಿಸಿದೆ. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಎಷ್ಟ ಮಂದಿ ಹಿಡಿಸತಾರ?"

"ಇಬ್ಬರು."

"ಮತ್ತ ಹಿಂದಿನ ಸೀಟ?"

"ಇದಕ್ಕ ಹಿಂದಿನ ಸೀಟ ಇರಂಗಿಲ್ಲವಾ."

ನಮ್ಮೂರಿಂದ ಗೋಕಾಕಕ್ಕೆ ಹೋಗುವ ಟಮ್‌ಟಮ್‌ನಲ್ಲಿ ಡ್ರೈವರನ ಎಡಬಲಕ್ಕೇ ನಾಲ್ಕು ಜನ ಕೂಡುತ್ತಾರೆ. ಅವ್ವ ದನಿ ತಗ್ಗಿಸಿ ಹೇಳಿದಳು:

"ನೀ ಒಬ್ಬಾಕಿ ಹೆಣ್ಮಗಳು ಅಂತ ಮೋಸ ಮಾಡ್ಯಾರ. ನಾಳೆ ಹೋಗಿ ಸೀಟ ಇಸಕೊಂಡ ಬಾ!"

ಮಾವನ ಲೆಕ್ಕ

ನಾನು ರಜೆಗೆ ಊರಿಗೆ ಬಂದಾಗ ಬೆಲ್ಲದ ಬಾಗೇವಾಡಿಯಿಂದ ಸೋದರಮಾವ ಬಂದ. ಕಬ್ಬು ಹೇರುವ ಟ್ರ್ಯಾಕ್ಟರಿನವನು.

"ಲೀಟರಿಗೆ ಎಷ್ಟ ಕೊಡತೈತಿ?"

"ಎಂಟು ಕಿಲೋಮೀಟರ್ ಮಾವಾ."

"ಎಷ್ಟ ಟನ್ ಎಳಿತೈತಿ?"

"ಏನೂ ಎಳೆಯಂಗಿಲ್ಲ."

"ಖಾಲಿ ಓಡಾಕ ಇಷ್ಟ ಕುಡಿತೈತಿ?"

ಬಾಯಿ ಜಾರಿ ಒಂದು ಟೈರಿನ ಬೆಲೆಯನ್ನೂ ಹೇಳಿಬಿಟ್ಟೆ. ಮಾವ ಹಣೆ ಹಣೆ ಬಡಿದುಕೊಂಡ. "ಒಂದು ಗಾಲಿಗೆ ಒಂದು ಟಗರ ಆತಲ್ಲವಾ! ಟಗರ ಮೇಯಿಸಿದಷ್ಟೂ ಬೆಳಿತೈತಿ. ನಿನ್ನ ಗಾಲಿ ಓಡಿಸಿದಷ್ಟೂ ಸವಿತೈತಿ!" ಮಾತು ಖರೆ ಇತ್ತು. ನನ್ನ ಮುಖ ಸಣ್ಣದಾಯಿತು.

ಮರುದಿನ ಇಬ್ಬರೂ ಗೋಕಾಕ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯಲು ಕುಳಿತಿದ್ದೆವು. ಬಾಜೂ ಕುಳಿತ ಮುದುಕನಿಗೆ ಮಾವ ಎದೆ ಉಬ್ಬಿಸಿ ಹೇಳುತ್ತಿದ್ದ: "ಈಕಿ ನಮ್ಮ ಸೊಸಿರಿ. ಈಕಿ ಕಾರಿನ ಒಂದೊಂದು ಗಾಲಿಗೆ ಒಂದೊಂದು ಟಗರ ಬೀಳತೈತ್ರಿ! ಹಂತಾ ಕಾರು ನಮ್ಮ ಹುಕ್ಕೇರಿ ತಾಲೂಕಿನ್ಯಾಗ ಯಾರದೈತಿ, ಹೇಳ್ರಿ!"

ಮುದುಕ ಬಶಿಯಲ್ಲಿದ್ದ ಚಹಾ ಸೊರ್ರೆಂದು ಹೀರಿ ಮುಗಿಸಿ, ನಿಧಾನಕ್ಕೆ ಕೇಳಿದ: "ಮತ್ತ ಹಾರ್ನಿಗೆ ಒಂದು ಕುರಿಮರಿ ಏನ್ರಿ?"

ಮಂತ್ರಿ

ವಿಮಾನ ಅಂದರೆ ಅವ್ವ ಒಲ್ಲೆ ಅಂದಳು. ಅಪ್ಪನೊಬ್ಬನೇ ಮಸ್ಕತ್ತಿಗೆ ಬಂದ. ಜೊತೆಗೆ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಕರದಂಟು. ನನ್ನ ಡಿಕ್ಕಿಯಲ್ಲಿ ಕರದಂಟಿನ ಡಬ್ಬಿಗಷ್ಟೇ ಜಾಗ. ಉಳಿದ ಸಾಮಾನಿಗೆ ಟ್ಯಾಕ್ಸಿ ಮಾಡಬೇಕಾಯಿತು. ಕಾರು ಇಟ್ಟುಕೊಂಡೂ ಟ್ಯಾಕ್ಸಿಗೆ ದುಡ್ಡು ತೆತ್ತದ್ದಕ್ಕೆ ನನಗೆ ನಾಚಿಕೆ. ಅಪ್ಪ ಮಾತ್ರ ದಾರಿಯುದ್ದಕ್ಕೂ ಹಿಂತಿರುಗಿ ನೋಡುತ್ತ ಖುಷಿಯಲ್ಲಿದ್ದ. ಮನೆ ಮುಟ್ಟಿದ ಕೂಡಲೇ ಅವ್ವನಿಗೆ ಫೋನು ಮಾಡಿದ.

"ನಾ ಮುಂದಿನ ಗಾಡ್ಯಾಗ, ಹಿಂದ ಇನ್ನೊಂದು ಗಾಡಿ. ಮಂತ್ರಿ ಬಂದಂಗ ಬಂದೇನಿ ನೋಡು!"

ವ್ಯಾಪಾರ

ಅದೇ ತಿಂಗಳು ವಿಮೆ, ಕ್ಲಚ್ಚು, ಟೈರು ಮೂರರ ಖರ್ಚೂ ಒಟ್ಟಿಗೆ ಬಂತು. ಊರಿಗೆ ಒಯ್ಯೋಣವೆಂದರೆ ಸುಂಕವೇ ಕಾರಿಗಿಂತ ಹೆಚ್ಚು. ಮಾರುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಹೇಳುತ್ತಲೇ ಬಾನೆಟ್ಟಿನ ಮೇಲಿನ ಧೂಳು ಒರೆಸಿದೆ.

"ನಿನ್ನ ದುಡಿಮಿ, ನಿನ್ನ ಗಾಡಿ," ಅಂದ ಅಪ್ಪ. ಧೂಳು ಒರೆಸುತ್ತಿದ್ದ ನನ್ನ ಕೈಯನ್ನೇ ನೋಡಿದ.

ಶುಕ್ರವಾರ ಒಬ್ಬ ಕೇರಳದ ಇಂಜಿನಿಯರ್ ಕಾರು ನೋಡಲು ಬಂದ. ಸುತ್ತಿ ಸುತ್ತಿ ನೋಡಿದ, ಮೆಚ್ಚಿದ. ನಾನು ಚಹಾ ತರಲು ಒಳಗೆ ಹೋದೆ. ಹೊರಗೆ ಬಂದು ನೋಡಿದರೆ ಅಪ್ಪ ಅವನ ಕೈ ಹಿಡಿದು, ಮೇಲೆ ಟವೆಲ್ ಹೊದಿಸಿ, ಗಂಭೀರವಾಗಿ ಆಕಾಶ ನೋಡುತ್ತ ನಿಂತಿದ್ದ!

ನಮ್ಮ ಕುರಿ ಸಂತೆಯಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಬಟ್ಟೆಯ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು, ಹಿಡಿದ ಬೆರಳೆಷ್ಟೋ ಅಷ್ಟು ದರವೆಂದು ವ್ಯಾಪಾರ ಕುದುರಿಸುತ್ತಾರೆ. ಇದು ಆ ಇಂಜಿನಿಯರಿಗೆ ಹೇಗೆ ಗೊತ್ತಿರಬೇಕು? ಅವನ ಹಣೆಯಲ್ಲಿ ಬೆವರು ಒಡೆದಿತ್ತು.

"ಮೇಡಂ," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ, "ನಿಮ್ಮ ತಂದೆ ವೈದ್ಯರಾ? ನನಗೆ ಏನಾದರೂ ಕಾಯಿಲೆ ಇದೆಯಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೈ ಬಿಟ್ಟ. ಇಂಜಿನಿಯರ್ ಚಹಾ ಕೂಡ ಮುಟ್ಟದೆ, ನಾಳೆ ಹೇಳುತ್ತೇನೆ ಎಂದು ಬೆರಳು ನೀವಿಕೊಳ್ಳುತ್ತ ಹೊರಟೇ ಹೋದ.

"ಮೂರು ಬೆರಳ ಹಿಡದ," ಅಂದ ಅಪ್ಪ. "ದರ ಕಡಿಮಿ ಆತು. ನಾ ಒಲ್ಲೆ ಅಂದೆ."

"ಅಪ್ಪಾ, ಅವ ದರ ಹೇಳಲಿಲ್ಲ, ಕೈ ಬಿಡಿಸಿಕೊಳ್ಳಾಕ ಒದ್ದಾಡಾಕತ್ತಿದ್ದ!"

ಅಪ್ಪ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ.

"ಅದು ನನಗ ಗೊತ್ತಿಲ್ಲೇನು? ನಿನಗ ಮಾರೂ ಮನಸ್ಸಿದ್ದಿದ್ರ ಅವನ ಕೈ ಯಾವಾಗೋ ಬಿಡತಿದ್ದೆ!"