ಹಗೇವಿಗಿಳಿದ ಇಂಜಿನಿಯರ್

"ಈ ವರ್ಷ ನಾ ಇಂಜಿನಿಯರ್ ಕೋರ್ಸಿಗೆ ಸೇರೇ ಸೇರತೀನಿ, ಬಸವಣ್ಣನ ಆಣಿ" ಎಂದು ಯರಗುಪ್ಪಿಯ ಹೊಳೆಪ್ಪ ಕಟ್ಟೆಯ ಮೇಲೆ ಎದೆ ತಟ್ಟಿ ಹೇಳಿದಾಗ ಯಾರೂ ಬೆಚ್ಚಿ ಬೀಳಲಿಲ್ಲ. ಹೋದ ವರ್ಷವೂ ಅದೇ ಕಟ್ಟೆ, ಅದೇ ಎದೆ, ಅದೇ ಬಸವಣ್ಣ.

ಹೊಳೆಪ್ಪ ಕುಂದಗೋಳದ ಹತ್ತಿ ಕಾರ್ಖಾನೆಯಲ್ಲಿ ಫಿಟ್ಟರ್. ಕೆಲಸ ಬಿಡದೆ, ಟಪಾಲಿನಲ್ಲಿ ಪಾಠ ತರಿಸಿಕೊಂಡು ಇಂಜಿನಿಯರ್ ಆಗಬಹುದೆಂದು ಪೇಪರಿನಲ್ಲಿ ಓದಿದಂದಿನಿಂದ ಅವನ ನಿದ್ದೆ ಹಾರಿಹೋಗಿತ್ತು. ಅಡ್ಡಿ ಒಂದೇ. ಸಿವಿಲ್ಲೋ ಇಲೆಕ್ಟ್ರಿಕಲ್ಲೋ ಮೆಕ್ಯಾನಿಕಲ್ಲೋ, ಒಂದನ್ನು ಆರಿಸಬೇಕು. ಮೆಷಿನ್ನಿನ ಮುಂದೆ ಹುಲಿಯಾದ ಹೊಳೆಪ್ಪ, ಆರಿಸುವ ಮಾತು ಬಂದರೆ ಅಂಗಿ ಬಟ್ಟೆ ಕೊಳ್ಳಲು ಅಂಗಡಿಗೆ ಹೋಗಿ ಬರಿಗೈಲಿ ಮರಳುವ ಗಂಡಸು.

ಬಾಜು ಮನೆಯ ಲಕ್ಷ್ಮಪ್ಪ ಬೇರೆ ದಿನಾ ತಲೆ ತಿನ್ನುತ್ತಿದ್ದ. "ಸಿವಿಲ್ ತಗೋಳೋ. ನವಲಗುಂದದ ಕಡೆ ಕಾಲುವಿ ಕಡ್ಯಾಕತ್ತಾರ. ತೆಲಿ ಮ್ಯಾಲೆ ಹ್ಯಾಟು, ಕುಂಡ್ರಾಕ ಜೀಪು." ಮರುದಿನ ಅವನೇ, "ಊರಿಗೆ ಕರೆಂಟ್ ಬಂದೈತಿ, ಇಲೆಕ್ಟ್ರಿಕಲ್ ಚಲೋ. ಮೆಕ್ಯಾನಿಕಲ್ ಯಾಕ? ಎಣ್ಣಿ ಕೈ ಈಗೂ ಐತೆಲ್ಲ" ಎನ್ನುತ್ತಿದ್ದ. ಆ ಎಣ್ಣೆಗೈ ಬಗ್ಗೆ ಹೊಳೆಪ್ಪನಿಗೂ ಒಳಗೊಳಗೇ ನಾಚಿಕೆ ಇತ್ತು.

ಕಡೆಯ ದಿನ ಬಂತು. ಸಂಜೆಯ ಬಸ್ಸಿಗೆ ಅರ್ಜಿ ಹೋಗದಿದ್ದರೆ ಈ ವರ್ಷವೂ ಗೋವಿಂದ.

"ಮಂದಿ ಮಾತು ಕೇಳದ ಜಾಗಾ ಬೇಕು ನನಗ" ಎಂದ ಹೊಳೆಪ್ಪನ ಕಣ್ಣು ಅಂಗಳದ ಹಗೇವಿನ ಮೇಲೆ ಬಿತ್ತು. ಜೋಳ ತುಂಬಿಡುವ ನೆಲದಡಿಯ ಕಣಜ ಅದು. ಹೊಸ ಜೋಳಕ್ಕೆಂದು ಹೆಂಡತಿ ಗುರವ್ವ ಅದರ ಬಾಯಿ ತೆರೆದು, ಗಾಳಿಗೆ ಬಿಟ್ಟು, ಚಿಮಣಿ ದೀಪ ಇಳಿಸಿ ಒಳಗಿನ ಗಾಳಿ ಪರೀಕ್ಷಿಸಿ, ಹಸನು ಮಾಡಿಟ್ಟಿದ್ದಳು. ಹೊಳೆಪ್ಪ ತಪಸ್ಸಿಗೆ ಹೊರಟ ಮುನಿಯ ಗತ್ತಿನಲ್ಲಿ ಏಣಿ ಇಳಿದ. "ಆರಿಸಿದ ಮ್ಯಾಲೇ ಹೊರಗ ಬರತೀನಿ. ಅಲ್ಲೀತನಕ ಈ ಏಣಿ ನನಗ ಹರಾಮ."

ಸ್ವಲ್ಪ ಹೊತ್ತಿಗೆ ನೆಲದೊಳಗಿಂದ ದನಿ ಬಂತು.

"ಗುರವ್ವಾ, ಏಣಿ ಎಲ್ಲೈತಿ?"

"ಮ್ಯಾಲೈತ್ರಿ. ಆರಿಸಿದ್ರ್ಯಾ?"

"ಇಲ್ಲ. ಚಾ ಕುಡದು ಮತ್ತ ಇಳೀತೀನಿ."

"ಚಾ ಹಗ್ಗಕ್ಕ ಕಟ್ಟಿ ಇಳಸ್ತೀನಿ. ಹೋದ ವರ್ಷ ನಿಮ್ಮ ಮಾತು ನಂಬಿ ತವರುಮನ್ಯಾಗ ಇಂಜಿನಿಯರ್ ಹೇಂತಿ ಅಂತ ಹೇಳಿ ಬಂದೀನಿ. ಮತ್ತ ಸುಳ್ಳ ಆಗಾಕ ಬಿಡಂಗಿಲ್ಲ."

ಸುದ್ದಿ ಹಬ್ಬಿ ಓಣಿಯೇ ಹಗೇವಿನ ಸುತ್ತ ನೆರೆಯಿತು. ಲಕ್ಷ್ಮಪ್ಪ ಬೋರಲು ಮಲಗಿ "ಸಿವಿಲ್" ಎಂದು ಕೂಗಿದ. ಯಾವ ಮಾತಿಗೆ ಹೆದರಿ ಪಾತಾಳ ಸೇರಿದ್ದನೋ ಅದೇ ಮಾತು ಅಲ್ಲಿ ಗೋಡೆ ಗೋಡೆಗೆ ಬಡಿದು ಮೊಳಗಿತು. ಹೊಳೆಪ್ಪ ಕಿವಿ ಮುಚ್ಚಿಕೊಂಡ.

ಆಗ ಹಿತ್ತಲಾಚೆ ಖಾಜಾಸಾಬನ ಹಿಟ್ಟಿನ ಗಿರಣಿ ಶುರುವಾಯಿತು. ನೆಲ ಸಣ್ಣಗೆ ಅದುರಿತು. ಹೊಳೆಪ್ಪ ಕಿವಿಯಿಂದ ಕೈ ತೆಗೆದು ಮಣ್ಣಿನ ಗೋಡೆಗೆ ಒತ್ತಿ ಹಿಡಿದ.

"ಲೇ, ಯಾರರೆ ಓಡ್ರಿ, ಗಿರಣಿ ಬಂದ್ ಮಾಡಸ್ರಿ. ಬೇರಿಂಗ್ ಹೋಗೈತಿ. ಇನ್ನ ತುಸು ತಿರುಗಿದ್ರ ಶಾಫ್ಟ್ ಮುರೀತೈತಿ."

ಯಾರೋ ಓಡಿದರು. ಗಿರಣಿ ನಿಂತಿತು. ಖಾಜಾಸಾಬ ಸುಟ್ಟ ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತ ಬಂದ. "ಖರೇ ಐತ್ರಪಾ, ಬೇರಿಂಗ್ ಮುಟ್ಟಾಕ ಬರವಲ್ದು, ಕೆಂಡ ಆಗೈತಿ. ಬಾಜೂಕ ನಿಂತ ನನಗ ತಿಳೀಲಿಲ್ಲ, ನೆಲದಾಗ ಕುಂತಾಂವಗ ತಿಳೀತು."

ಓಣಿಯ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಲಕ್ಷ್ಮಪ್ಪ ಮೆಲ್ಲಗೆ ಎದ್ದು ಅಂಗಿಯ ಧೂಳು ಕೊಡವಿಕೊಂಡ. ಗುರವ್ವ ಹಗೇವಿನ ಬಾಯಿಗೆ ಬಗ್ಗಿದಳು.

"ಇಷ್ಟೊತ್ತು ಕುಂತ್ರೂ ಕಾಲುವಿ ಬಗ್ಗೆ ನಿಮ್ಮ ಬಾಯಾಗಿಂದ ಒಂದ ಮಾತು ಬರಲಿಲ್ಲ. ಗಿರಣಿ ನರಳಿದ್ರ ಅಲ್ಲಿಂದನ ರೋಗ ಹೇಳಿದ್ರಿ. ಇನ್ನೇನ ಆರಿಸ್ತೀರಿ?"

"ಎಣ್ಣಿ ಕೈ ಹಂಗ ಉಳೀತಾವಲ್ಲ ಗುರವ್ವ."

"ಆ ಕೈ ದುಡದದ್ದ ಉಂಡೀವಿ ಇಷ್ಟ ವರ್ಷ. ನನಗೆಂದೂ ಹೊಲಸ ಅನಿಸಿಲ್ಲ."

ಹೊಳೆಪ್ಪ ತನ್ನ ಎಣ್ಣೆಗೈಗಳನ್ನು ಒಮ್ಮೆ ತಿರುವಿ ನೋಡಿಕೊಂಡ. ಆಮೇಲೆ, "ಏಣಿ ಬಿಡು. ಮೆಕ್ಯಾನಿಕಲ್."

ಮೈತುಂಬ ಮಣ್ಣು ಮೆತ್ತಿಕೊಂಡು ಮೇಲೆ ಬಂದವನನ್ನು ಮಂದಿ ಮದುಮಗನಂತೆ ಸುತ್ತುವರಿದು ಬಸ್ಸಿನವರೆಗೆ ನಡೆಸಿದರು. ಅರ್ಜಿ ಹೋಯಿತು. ಮನೆಗೆ ಬಂದ ಹೊಳೆಪ್ಪ ಮತ್ತೆ ಎದೆ ತಟ್ಟಿದ. "ನೋಡಿದಿ ಇಲ್ಲೋ? ಗಂಡಸು ಒಮ್ಮೆ ಮನಸ್ಸು ಮಾಡಿದ್ರ ಮುಗೀತು."

"ಹೌದ್ರಿ" ಎಂದಳು ಗುರವ್ವ.

"ಹಂಗಾರ ನಾಳೆ ಹಗೇವಿಗೆ ಜೋಳ ತುಂಬೂಣೇನವ್ವ?" ಎಂದು ಹಿಂದೆಯೇ ಬಂದಿದ್ದ ಲಕ್ಷ್ಮಪ್ಪ ಕೇಳಿದ.

"ಈ ಸಲ ಜೋಳ ಚೀಲದಾಗ ಇರಲಿ ಬಿಡಣ್ಣ" ಎನ್ನುತ್ತ ಅವಳು ಏಣಿಯನ್ನು ಎತ್ತಿ ಅಡುಗೆಮನೆಯೊಳಗೆ ಒಯ್ದಿಟ್ಟಳು. "ಪರೀಕ್ಷಾ ಇನ್ನೂ ಬಾಕಿ ಅದಾವಲ್ಲ."