ಮೀನಿನ ಮುಳ್ಳು ತೆಂಗಿನ ಗರಿಯಾದದ್ದು

ಕಾರಣ ಹುಡುಕಲು ಹೊರಟವನಿಗೆ ಕಾರಣಕ್ಕಿಂತ ಮೊದಲು ಸಿಗುವುದು ಬೈಗುಳ. ಕೊಳ್ಳೇಗಾಲದ ಒಂದು ರೇಷ್ಮೆ ನೇಯ್ಗೆ ಶೆಡ್ಡಿನಲ್ಲಿ ಮೇಲ್ವಿಚಾರಕನಾದ ನನಗೆ ಇದು ಆಗಾಗ ಆಗುತ್ತಲೇ ಇರುತ್ತದೆ.

೧. ಗೋಡೆ ಮೇಲೆ ಮೀನು

ನಮ್ಮ ಮೂರನೇ ಮಗ್ಗದಲ್ಲಿ ಪದೇ ಪದೇ ಎಳೆ ಕಡಿಯುತ್ತಿತ್ತು. ಆ ಮಗ್ಗದಲ್ಲಿ ನೇಯುವ ಅಕ್ಕ ಹನೂರಿನಿಂದ ಬಸ್ಸಿನಲ್ಲಿ ಬರುವವರು, ಕೆಲಸ ಬಲು ಚೊಕ್ಕ. ಶೆಡ್ಡಿನ ಒಡೆಯರಾದ ಸಾಹುಕಾರರು ಮಾತ್ರ, "ಅವಳ ಕೈಗುಣ ಸರಿಯಿಲ್ಲ ಕಣಯ್ಯ. ಸೋಮವಾರ ಸಂಜೆಯೊಳಗೆ ಕಾರಣ ಸಿಕ್ದೇ ಓದ್ರೆ ಬೇರೆಯೋರ್ನ ಕೂರಿಸ್ತೀನಿ" ಎಂದುಬಿಟ್ಟರು.

ನನಗೆ ಸಿಟ್ಟು ಬಂತು. ಮೈಸೂರಿನ ತರಬೇತಿಯಲ್ಲಿ ಕಲಿತ, ಮೀನಿನ ಮುಳ್ಳಿನ ಚಿತ್ರ ಬರೆದು ಕಾರಣ ಹುಡುಕುವ ವಿದ್ಯೆ ಹೊರತೆಗೆದೆ. ತಲೆಯ ಜಾಗದಲ್ಲಿ ಸಮಸ್ಯೆ, ಬೆನ್ನೆಲುಬಿನ ಎರಡೂ ಕಡೆ ಮುಳ್ಳು, ಒಂದೊಂದು ಮುಳ್ಳಿಗೂ ಒಂದೊಂದು ಕಾರಣ. ಸೀಮೆಸುಣ್ಣದಲ್ಲಿ ಗೋಡೆ ತುಂಬ ಬರೆದೆ.

ಸಾಹುಕಾರರದು ಹಣೆತುಂಬ ವಿಭೂತಿ. ಅವರ ಮನೆಯಲ್ಲಿ ಮೊಟ್ಟೆಯ ಮಾತೂ ಎತ್ತುವ ಹಾಗಿಲ್ಲ.

"ಏನ್ಲಾ ಇದು, ಪೂಜೆ ಮಾಡೋ ಗೋಡೆ ಮೇಲೆ ಮೀನಾ?"

"ಮೀನಲ್ಲ ಸಾ, ಬರೀ ಮುಳ್ಳು."

"ಅಂದ್ರೆ ತಿಂದೂ ಮುಗಿಸ್ಬುಟ್ಟಿದ್ದೀಯಾ!"

೨. ಹೊನ್ನೂರಿನ ಎಮ್ಮೆ

ತಲೆ ಬಾಲ ಅಳಿಸಿ, ಅದನ್ನೇ ತೆಂಗಿನ ಗರಿ, ಮುಳ್ಳೆಲ್ಲ ಅದರ ಕಡ್ಡಿ ಅಂದೆ. ಸಾಹುಕಾರರು ಒಪ್ಪಿದರು. ಆದರೆ ಗರಿ ಕೆಲಸ ಮಾಡುತ್ತದೋ ಇಲ್ಲವೋ ನನಗೇ ಅನುಮಾನ. ಭಾನುವಾರ ಯಳಂದೂರಿನ ಹತ್ತಿರ ಹೊನ್ನೂರಿನ ಅತ್ತೆ ಮನೆಗೆ ಹೋದವನು ಅಲ್ಲಿಯೇ ಪರೀಕ್ಷೆಗಿಳಿದೆ. ಅವರ ಎಮ್ಮೆ ಸಂಜೆ ಹೊತ್ತು ಹಾಲು ಕೊಡದೆ ಒದೆಯುತ್ತಿತ್ತು. ಅಂಗಳದಲ್ಲಿ ರಂಗೋಲಿ ಪುಡಿಯಿಂದಲೇ ಗರಿ ಎಳೆದೆ.

ಅತ್ತೆ ಉತ್ಸಾಹದಿಂದ ಶುರು ಮಾಡಿದರು. "ಬರ್ಕಳಿ ಅಳಿಯಂದ್ರೇ. ಉಲ್ಲು ತಡವಾಗಿ ಆಕೋರು ನಿಮ್ ಮಾವ. ನೀರು ಮರೆಯೋರು ನಿಮ್ ಮಾವ. ಕೊಟ್ಟಿಗೆ ಗುಡಿಸ್ದೇ ಇರೋರೂ ಅವ್ರೇ."

ಎಲ್ಲ ಕಡ್ಡಿಗೂ ಮಾವನೇ ಆದರು. ಮಾವ ಮೀಸೆ ತಿರುವುತ್ತಾ, "ಧಾರಾವಾಹಿ ಶುರುವಾಯ್ತದೆ ಅಂತ ಆತುರದಲ್ಲಿ ಕೆಚ್ಚಲು ಎಳ್ದಾಡೋರು ಯಾರು ಅಂತನೂ ಬರ್ಕಳಿ" ಅಂದರು.

 ಅವತ್ತೇ ಟೀವಿಯನ್ನು ಕೊಟ್ಟಿಗೆಗೆ ಕಾಣುವ ಹಾಗೆ ತಿರುಗಿಸಿಟ್ಟೆವು. ಈಗ ಎಮ್ಮೆ ಸಲೀಸಾಗಿ ಹಾಲು ಕೊಡುತ್ತದೆ. ಜಾಹೀರಾತು ಬಂದಾಗ ಮಾತ್ರ ಒದೆಯುತ್ತದಂತೆ.

೩. ಕೊನೆಯ ಕಡ್ಡಿ

ಸೋಮವಾರ ಬೆಳಿಗ್ಗೆ ಹೊಸ ಧೈರ್ಯದಲ್ಲಿ ಗರಿಯ ಮುಂದೆ ನಿಂತೆ. ನೂಲು? ಎಲ್ಲ ಮಗ್ಗಕ್ಕೂ ಅದೇ ನೂಲು. ಮಗ್ಗ? ಬಿಚ್ಚಿ ನೋಡಿದ್ದಾಯಿತು, ಏನೂ ದೋಷವಿಲ್ಲ. ಉಳಿದದ್ದು ಒಂದೇ ಕಡ್ಡಿ, ಗಾಳಿ.

ಅಕ್ಕ ಮೆಲ್ಲಗೆ ಅಂದರು: "ಬೆಳಿಗ್ಗೆ ಒಂದ್ ಎಳೆನೂ ಕಡಿಯಕ್ಕಿಲ್ಲ ಸಾ. ಸಾವ್ಕಾರ್ರು ಬಂದ ಮ್ಯಾಲೇ."

ನನಗೆ ಥಟ್ಟನೆ ಹೊಳೆಯಿತು. ಸೆಕೆಯೆಂದು ಸಾಹುಕಾರರು ಆ ಮಗ್ಗದ ಪಕ್ಕದ ಕಿಟಕಿ ತೆಗೆದು ಕುರ್ಚಿ ಹಾಕಿಕೊಳ್ಳುತ್ತಿದ್ದರು. ಒಣಗಾಳಿ ತಾಗಿದರೆ ರೇಷ್ಮೆ ಎಳೆ ಪೆಡಸಾಗಿ ಕಡಿಯುತ್ತದೆ. ಎಳೆ ಕಡಿದಷ್ಟೂ ಅವರು ಇನ್ನಷ್ಟು ಹೊತ್ತು ಕಾವಲು ಕೂರುತ್ತಿದ್ದರು.

ಇದನ್ನು ಅವರೆದುರು ಬರೆಯುವವರಾರು? ನಾನು ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಅಷ್ಟರಲ್ಲಿ ಸಾಹುಕಾರರು ಬಂದರು. ಅಕ್ಕನೇ ಬಾಯಿಬಿಟ್ಟರು: "ಸಾವ್ಕಾರ್ರೇ, ಇವತ್ತೊಂದಿನ ಮನೇಲಿ ಮನಿಕ್ಕಳಿ, ನೋಡವಾ. ಆಗ್ಲೂ ಕಡಿದ್ರೆ ನಾನೇ ಕೆಲ್ಸ ಬುಟ್ಟು ಓಯ್ತೀನಿ."

ಸಾಹುಕಾರರು ಗೊಣಗುತ್ತಲೇ ಹೋದರು. ಕಿಟಕಿ ಮುಚ್ಚಿದೆವು. ಸಂಜೆಯವರೆಗೆ ಒಂದೇ ಒಂದು ಎಳೆ ಕಡಿಯಲಿಲ್ಲ! ಇಡೀ ಶೆಡ್ಡು ಚಪ್ಪಾಳೆ ಹೊಡೆಯಿತು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ನನಗಂತೂ ಆನೆ ಏರಿದಷ್ಟು ಖುಷಿ.

ಸಾಹುಕಾರರು ಬಂದು ಬಟ್ಟೆ ಸವರಿ ನೋಡಿದರು. ಮುಚ್ಚಿದ ಕಿಟಕಿ ನೋಡಿದರು. ಆಮೇಲೆ ತಮ್ಮ ಕುರ್ಚಿಯನ್ನು ತಾವೇ ಎತ್ತಿ ಆಚೆ ಇಟ್ಟರು. "ಮಗ್ಗ ನಿಂದೇ ಕಣವ್ವ" ಅಂದರು.

ಮಾರನೆಯ ದಿನ ಅಂಗಡಿ ಬೀದಿಯಲ್ಲಿ ವ್ಯಾಪಾರಿಗಳ ನಡುವೆ ನಿಂತು ಅವರು ಎದೆಯುಬ್ಬಿಸಿ ಹೇಳುತ್ತಿದ್ದರು: "ಅವ್ರೆಲ್ಲ ಗೋಡೆ ತುಂಬ ಗೀಚ್ತಾನೇ ಇದ್ರು ಕಣ್ರಿ. ನಾನು ಮನೇಲಿ ಮನಿಕ್ಕಂಡೇ ಸರಿ ಮಾಡ್ಬುಟ್ಟೆ!"